ನೈರೋಬಿಯಿಂದ ಮುಂಬೈಗೆ ಆರು ತಾಸು

ವಿಮಾನವನ್ನು ಹತ್ತಿರದಿಂದ ಕಾಣುವ ಮೊದಲೇ ನಾನು ವಿಮಾನ ಎಷ್ಟು ತಾಸಿಗೆ ಎಲ್ಲಿ ಮುಟ್ಟುತ್ತದೆಂದು ಹೇಳುವುದರಲ್ಲಿ ಹೆಸರು ಮಾಡಿದ್ದೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ದಾಂಡೇಲಿಯ ಅಂಬೇವಾಡಿಯಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಗಾಜಿನ ಬಾಗಿಲಿನ ಪುಟ್ಟ ಖೋಲಿ, ಎರಡು ಫೋನು, ಬಿಲ್ಲು ಹರಿದುಕೊಡುವ ಮಶಿನು, ಕಾಲು ಅಲುಗಾಡುವ ಸ್ಟೂಲು. ಗೋಡೆಯ ಮೇಲೆ ನನ್ನ ಹೈಸ್ಕೂಲಿನ ಅಟ್ಲಾಸಿನಿಂದ ಬಿಡಿಸಿ ಅಂಟಿಸಿದ ಜಗತ್ತಿನ ನಕಾಶೆ, ಅದರ ಪಕ್ಕದ ಮೊಳೆಗೆ ಒಂದು ಬಿಳಿ ದಾರದ ಉಂಡೆ. ಫೋನ್ ಮಾಡಲು ಬಂದವರಲ್ಲಿ ಅರ್ಧ ಮಂದಿ ಫೋನ್ ಮುಗಿಸಿ ದಾರದ ಕಡೆ ನೋಡುತ್ತ ನಿಲ್ಲುತ್ತಿದ್ದರು.

ನನ್ನ ಲೆಕ್ಕ ಸರಳವಾಗಿತ್ತು. ನಕಾಶೆಯಲ್ಲಿ ಈ ವಿಮಾನ ನಿಲ್ದಾಣದಿಂದ ಆ ವಿಮಾನ ನಿಲ್ದಾಣಕ್ಕೆ ದಾರ ಎಳೆದು, ಅದನ್ನು ಕೆಳಗಿನ ಅಳತೆಪಟ್ಟಿಗೆ ಹಿಡಿದು ಕಿಲೋಮೀಟರ್ ತೆಗೆಯುವುದು. ಎಂಟುನೂರರಿಂದ ಭಾಗಿಸುವುದು. ಏರಲಿಕ್ಕೆ ಇಳಿಯಲಿಕ್ಕೆ ಅಂತ ಅರ್ಧ ತಾಸು ಕೂಡಿಸುವುದು. ಅಲ್ಲಿಯ ಗಡಿಯಾರಕ್ಕೂ ನಮ್ಮ ಗಡಿಯಾರಕ್ಕೂ ಇರುವ ಅಂತರವನ್ನು ನಕಾಶೆಯ ಉದ್ದಗೆರೆಗಳಿಂದ ಎಣಿಸಿ, ಪಶ್ಚಿಮಕ್ಕೆ ಹೋಗುವವರಿಗೆ ಕಳೆದು, ಅಲ್ಲಿಂದ ಬರುವವರಿಗೆ ಕೂಡಿಸುವುದು. ಕಾಲೇಜಿನಲ್ಲಿ ಭೂಗೋಳ ಓದಿದವಳು ನಾನು. ಓದಿದ್ದು ದಂಡವಾಗಲಿಲ್ಲವೆಂದು ತೋರಿಸುವ ಚಟವೂ ನನಗಿತ್ತು.

ಒಮ್ಮೆ ಜೋಯಿಡಾದ ಆಚೆಯ ಹಳ್ಳಿಯಿಂದ ಕೊಂಕಣಿ ಹೆಂಗಸೊಬ್ಬಳು ಬಂದಳು. ಗಂಡ ಮಸ್ಕತ್ತಿನಲ್ಲಿ ಅಡುಗೆಯವನು. ಫೋನಿನಲ್ಲಿ ಅತ್ತು ಮುಗಿಸಿ ಹೊರಗೆ ಬಂದವಳು, "ಮಸ್ಕತ್ ಕಿತ್ಲೆಂ ಪಯ್ಸ್ ಗೊ?" ಅಂದಳು, ಎಷ್ಟು ದೂರವೆಂದು. ಗೋವಾದಿಂದ ಮಸ್ಕತ್ತಿಗೆ ದಾರ ಎಳೆದು, "ಮೂರು ತಾಸಿಗೆ ಒಂಚೂರು ಕಮ್ಮಿ" ಅಂದೆ. ಅವಳು ನಂಬಲಿಲ್ಲ. "ನಿಮ್ಮ ಹಳ್ಳಿಯಿಂದ ಇಲ್ಲಿಗೆ ಬರಲಿಕ್ಕೆ ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದೆ. ನಡಿಗೆ, ಬಸ್ಸಿನ ದಾರಿ ಕಾಯುವುದು, ಬಸ್ಸು ಎಲ್ಲ ಸೇರಿ ನಾಲ್ಕು ತಾಸು. "ಹಂಗಾದ್ರ ನಿನ್ನ ಗಂಡ ನಿನಗಿಂತ ಹತ್ತಿರ ಅದಾನ" ಅಂದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕಳು. ಕುಳಗಿಯ ಅರಣ್ಯ ಇಲಾಖೆಯ ಒಬ್ಬ ಗಾರ್ಡ್ ಅಂತೂ ತನಗೆ ಯಾವ ವಿಮಾನದ ಗರಜೂ ಇಲ್ಲದೆ, ವಾರಕ್ಕೊಮ್ಮೆ ಬಂದು ಲಂಡನ್ನಿಂದ ಸಿಡ್ನಿಗೆ, ಟೋಕಿಯೋದಿಂದ ಪ್ಯಾರಿಸ್ಸಿಗೆ ದಾರ ಎಳೆಸಿ ಹೋಗುತ್ತಿದ್ದ. ಅವನ ಮೇಲೂ ನಾನು ಬೇಸರಪಟ್ಟವಳಲ್ಲ.

ಈ ದಾರದ ವಿದ್ಯೆ ಕಲಿಸಿದವನು ನನ್ನ ಸೋದರಮಾವ. ಅವನ ವಿಷಯ ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅವ್ವನ ತವರು ಹಳಿಯಾಳದ ಹತ್ತಿರದ ಒಂದು ಹಳ್ಳಿ. ಅವ್ವನಿಗೆ ಹದಿಮೂರು ವರ್ಷವಿದ್ದಾಗ ಅಜ್ಜಿ ತೀರಿಕೊಂಡಳು. ಆಗ ಮಾಮಾ ಇನ್ನೂ ಎರಡು ವರ್ಷದವನು. ಅವ್ವ ಅವನನ್ನು ಬಗಲಲ್ಲಿಟ್ಟುಕೊಂಡೇ ರೊಟ್ಟಿ ಬಡಿದಳು, ಬಗಲಲ್ಲಿಟ್ಟುಕೊಂಡೇ ನೀರು ಹೊತ್ತಳು. ಮದುವೆಯಾಗಿ ದಾಂಡೇಲಿಗೆ ಬರುವಾಗ, ಇವನನ್ನು ಬಿಟ್ಟು ಬರುವುದಿಲ್ಲವೆಂದು ಅಪ್ಪನಿಗೆ ಖಡಕ್ಕಾಗಿ ಹೇಳಿ ಕರೆದುಕೊಂಡೇ ಬಂದಳು. ಹೀಗಾಗಿ ಮಾಮಾ ನಮ್ಮ ಮನೆಯಲ್ಲೇ ಬೆಳೆದ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ಆದರೂ ನಮ್ಮಿಬ್ಬರದು ಏಕವಚನದ ಸಲಿಗೆ. ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಹೋದರು. ಆಮೇಲೆ ಮನೆಗೆ ಗಂಡಸು ಅಂತ ಇದ್ದವನು ಮಾಮಾ ಒಬ್ಬನೇ. ಊರಿನ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿತ. ಕಾಗದ ಮಾಡುವ ಮಶಿನು ಸದ್ದು ಮಾಡುವುದನ್ನು ಕೇಳಿಯೇ ಎಲ್ಲಿ ಬೇರಿಂಗ್ ಸವೆದಿದೆಯೆಂದು ಹೇಳುವವನಾದ. ಆ ಕಿವಿಯ ಪುಣ್ಯದಿಂದ ಅವನಿಗೆ ಕೀನ್ಯಾ ದೇಶದ ಒಂದು ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಹೆಂಡತಿ ಮತ್ತು ಮಗುವಿನ ಜೊತೆ ಅಲ್ಲಿಗೆ ಹೊರಟ.

ಹೊರಡುವ ಹಿಂದಿನ ಸಂಜೆ ಅವ್ವ ಅಡುಗೆಮನೆ ಬಿಟ್ಟು ಹೊರಗೆ ಬರಲೇ ಇಲ್ಲ. ಮಾಮಾ ನನ್ನ ಅಟ್ಲಾಸು ತಂದು ಅವಳೆದುರು ಹಾಸಿದ. ಹೊಲಿಗೆ ಡಬ್ಬಿಯಿಂದ ದಾರ ತೆಗೆದು ಮುಂಬೈಗೊಂದು ತುದಿ, ನೈರೋಬಿಗೊಂದು ತುದಿ ಹಿಡಿದು, ಎರಡೂ ಕಡೆ ಗಂಟು ಹಾಕಿ, ಹಲ್ಲಿನಿಂದ ಕಡಿದ.

"ನೋಡಕ್ಕಾ, ಇಷ್ಟ ಐತಿ. ನಿನ್ನ ಗೇಣಿನಷ್ಟೂ ಇಲ್ಲ. ಆರು ತಾಸು ಕೂತ್ರ ಮುಗೀತು."

ಅವ್ವ ಆ ದಾರವನ್ನು ಬೆಳಕಿಗೆ ಹಿಡಿದು ನೋಡಿದಳು. "ಇಷ್ಟ ಇದ್ರ ಹಬ್ಬಕ್ಕೊಮ್ಮೆ ಬರಾಕ ಏನ ಧಾಡಿ?" ಅಂದಳು. ಆ ದಾರವನ್ನು ದೇವರ ಜಗಲಿಯ ಮೇಲೆ ಕುಂಕುಮದ ಬಟ್ಟಲಿನ ಕೆಳಗೆ ಇಟ್ಟಳು.

ಮಾಮಾ ಆರು ವರ್ಷ ಬರಲಿಲ್ಲ. ರಜೆ ಸಿಕ್ಕ ವರ್ಷ ಮಶಿನು ಕೆಟ್ಟಿತು, ಮಶಿನು ಸರಿಯಿದ್ದ ವರ್ಷ ಮಾಮಿಯ ಹೆರಿಗೆ. ಅವ್ವ ಒಂದು ದಿನವೂ ದೂರಲಿಲ್ಲ, ಆದರೆ ನನ್ನ ಮದುವೆಯ ಮಾತು ಬಂದಾಗ ಒಂದೇ ಒಂದು ಷರತ್ತು ಹಾಕಿದಳು. ಗಂಡಿನ ಮನೆಯವರು ಮುಂಡಗೋಡ ತಾಲೂಕಿನ ಇಂದೂರದ ರೈತರು, ನಮ್ಮಂತೆಯೇ ಲಿಂಗಾಯತರು, ಗಡಿಬಿಡಿಯ ಮಂದಿ. ಬೆಳೆ ಕೊಯ್ಲಿಗೆ ಬರುವ ಮೊದಲೇ ಮದುವೆ ಮುಗಿಸೋಣವೆಂದರು. ಅವ್ವ ಹೇಳಿದಳು:

"ನನ್ನ ತಮ್ಮ ಕೈ ಹಿಡಕೊಂಡು ಹಂದರಕ್ಕ ಕರಕೊಂಡು ಬರಬೇಕು. ಅಂವ ಬರೂತನಾ ನನ್ನ ಮಗಳ ತಲಿ ಮ್ಯಾಲ ಒಂದ ಅಕ್ಕಿಕಾಳೂ ಬೀಳೂದಿಲ್ಲ. ಬ್ಯಾರೆ ಏನರ ಕೇಳ್ರಿ, ಕೊಡ್ತೇನಿ."

ಮದುಮಗಳನ್ನು ಸೋದರಮಾವ ಕೈಹಿಡಿದು ಹಂದರಕ್ಕೆ ಕರೆತರುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ. ಅವನಿಲ್ಲದಿದ್ದರೆ ದೂರದ ಸಂಬಂಧದ ಯಾರಾದರೂ ಅವನ ಜಾಗದಲ್ಲಿ ನಿಲ್ಲುವುದೂ ಉಂಟು. ಆದರೆ ಅವ್ವನಿಗೆ ಅದು ಪದ್ಧತಿಯ ಮಾತಾಗಿರಲಿಲ್ಲ. ತಾನು ಬಗಲಲ್ಲಿ ಹೊತ್ತ ಮಗು ತನ್ನ ಮಗಳ ಕೈ ಹಿಡಿದು ನಡೆಯುವುದನ್ನು ನೋಡಬೇಕಿತ್ತು. ಹೀಗಾಗಿ ಮಾಮಾನ ರಜೆ ನೋಡಿಕೊಂಡು ಮುಹೂರ್ತ ಇಡಿಸಿದೆವು. ಸೋಮವಾರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತೈದು. ಕಾರ್ಡು ಅಚ್ಚಾಯಿತು.

ಮಾಮಾ ಇದ್ದದ್ದು ನೈರೋಬಿಯಲ್ಲಿ ಅಲ್ಲ, ಅಲ್ಲಿಂದ ಏಳೆಂಟು ತಾಸಿನ ಗಾಡಿದಾರಿಯ ಒಂದು ಸಣ್ಣ ಊರಲ್ಲಿ. ಅವನ ಕ್ವಾರ್ಟರ್ಸಿನಲ್ಲಿ ಫೋನಿಲ್ಲ. ಎದುರಿನ ಗುಜರಾತಿ ಶೇಟನ ಅಂಗಡಿಯಿಂದ ನನ್ನ ಬೂತಿಗೆ ಮಾಡುತ್ತಿದ್ದ. ಮದುವೆಗೆ ಮೂರು ವಾರವಿದ್ದಾಗ ಅವನ ಫೋನು ಬಂತು. ತನ್ನ ಮಾತು ತನಗೇ ತಿರುಗಿ ಕೇಳಿಸುವಂಥ ಲೈನು, ಇಬ್ಬರೂ ಒದರುತ್ತಿದ್ದೆವು.

"ಟಿಕೀಟ ಕೈಗೆ ಬಂತು. ಮಾಮಿ, ಮಕ್ಕಳು ಬರಂಗಿಲ್ಲ, ಪರೀಕ್ಷಾ ಅದಾವ. ನಾ ಒಬ್ಬನ ಬರ್ತೇನಿ. ಟಿಕೀಟಿನ್ಯಾಗ ಶನಿವಾರ ಅಂತ ಐತಿ. ರಾತ್ರಿ ಹನ್ನೆರಡು ನಲವತ್ತಕ್ಕ ಬಿಡ್ತೈತಂತ. ಯಾವಾಗ ಹೊರಡ್ಲಿ, ಹೇಳು."

ನನ್ನನ್ನೇ ಕೇಳಿದ, ನೋಡಿ. ಟಿಕೀಟು ಅವನ ಕೈಯಲ್ಲಿತ್ತು, ವಿಮಾನ ಅವನ ದೇಶದಿಂದ ಹೊರಡುವುದಿತ್ತು, ಆದರೂ ಅಂಬೇವಾಡಿಯಲ್ಲಿ ಕೂತ ನನ್ನನ್ನು ಕೇಳಿದ. ನಾನು ಹಿಗ್ಗಿ ಹೀರೆಕಾಯಿಯಾದೆ. ಒಂದು ಕೈಯಲ್ಲಿ ರಿಸೀವರ್ ಹಿಡಿದು ಇನ್ನೊಂದು ಕೈಯಿಂದ ದಾರ ಎಳೆದೆ. ನಾಲ್ಕೂವರೆ ಸಾವಿರ ಕಿಲೋಮೀಟರ್. ಹಾರಲಿಕ್ಕೆ ಹೆಚ್ಚುಕಮ್ಮಿ ಆರು ತಾಸು. ಗಡಿಯಾರದ ಅಂತರ ಎರಡೂವರೆ ತಾಸು. ಹನ್ನೆರಡು ನಲವತ್ತಕ್ಕೆ ಕೂಡಿಸಿದೆ.

"ಮುಂಬೈಯೊಳಗ ಮುಂಜಾನೆ ಒಂಬತ್ತು ಹತ್ತಕ್ಕ ಇಳೀತಿ. ನೋಡು, ಹಂಗ ಐತೇನಿಲ್ಲ?"

ಆ ಕಡೆ ಕಾಗದ ಬಿಡಿಸುವ ಸದ್ದು. "ಒಂಬತ್ತು ಹದಿನೈದು ಅಂತ ಬರದಾರ! ಶಾಬ್ಬಾಸ್ ಹುಡುಗಿ!" ಎಂದು ಮಾಮಾ ಅಲ್ಲಿಂದ ಕೂಗಿದ. ಪಕ್ಕದಲ್ಲಿದ್ದ ಶೇಟನಿಗೂ ಹೇಳುತ್ತಿದ್ದದ್ದು ಕೇಳಿಸಿತು.

ಮುಂದಿನದನ್ನು ನಾನು ಯೋಚನೆಯನ್ನೂ ಮಾಡದೆ ಹೇಳಿಬಿಟ್ಟೆ. "ಶನಿವಾರ ಮುಂಜಾನೆ ನಾಷ್ಟಾ ಮಾಡಿ ಆರಾಮ ಹೊರಡು. ಹೊತ್ತು ಮುಳುಗೂದರಾಗ ನೈರೋಬಿ ಮುಟ್ತಿ. ಊಟಾ ಮಾಡಿ ವಿಮಾನ ಹತ್ತು. ರವಿವಾರ ಮುಂಬೈ. ಮಧ್ಯಾಹ್ನದ ಬಸ್ ಹಿಡದಿ ಅಂದ್ರ ಸೋಮವಾರ ಮುಂಜಾನೆ ಇಲ್ಲಿರ್ತಿ. ಅಕ್ಕಿಕಾಳಿಗೆ ಮೂರ್ನಾಕು ತಾಸು ಇರ್ತೈತಿ."

"ಶನಿವಾರ ರಾತ್ರಿ. ಆತು," ಅಂದ ಮಾಮಾ. ನಾನು ಅವ್ವನಿಗೆ ಹೋಗಿ ಹೇಳಿದೆ. ಅವ್ವ ಮುಂದಿನ ಮೂರು ವಾರ ಮೈಯಲ್ಲಿ ದೆವ್ವ ಹೊಕ್ಕವಳ ಹಾಗೆ ಕೆಲಸ ಮಾಡಿದಳು. ಅವನಿಗೆ ಸೇರುತ್ತದೆಂದು ಶೇಂಗಾ ಹೋಳಿಗೆಯನ್ನು ಬೇರೆ ಡಬ್ಬಿಯಲ್ಲಿ ತುಂಬಿ, ನಮ್ಮ ಕೈಗೆ ಸಿಗದಂತೆ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

ಶುಕ್ರವಾರ ಮಧ್ಯಾಹ್ನ ನನಗೆ ಅರಿಶಿಣ ಹಚ್ಚಿದರು. ಕೆಲವರ ಮನೆಯಲ್ಲಿ ಹಂದರದ ಕಂಬ ನಿಲ್ಲಿಸಿದ ಮೇಲೆ ಅರಿಶಿಣ ಹಚ್ಚುತ್ತಾರೆ. ಅವ್ವನಿಗೆ ಎರಡೂ ಶುಕ್ರವಾರವೇ ಆಗಬೇಕೆಂಬ ಹಟ, ಮದುವೆ ಮಾಡಿಸುವ ಅಯ್ಯನವರಿಗೆ ಅಂದು ಬೇರೆಲ್ಲೋ ಕೆಲಸ, ಅದಕ್ಕೆ ಹಿಂದುಮುಂದಾಗಿತ್ತು. ನಾನು ಮಣೆಯ ಮೇಲೆ ಹಳದಿಯ ಮುದ್ದೆಯಾಗಿ ಕೂತಿದ್ದೆ. ಕಿವಿಯ ಹಿಂದೆ, ಕಾಲ ಬೆರಳ ಸಂದಿಯಲ್ಲಿ ಎಲ್ಲ ಕಡೆ ಬಳಿದಿದ್ದರು. ಅಪ್ಪನ ಅಕ್ಕ, ನಮ್ಮ ದೊಡ್ಡ ಅತ್ತಿ, ಹಾಡು ಎತ್ತಿಕೊಂಡಿದ್ದಳು. ಅಷ್ಟರಲ್ಲಿ ಅಯ್ಯನವರು ಅವಸರದಿಂದ ಒಳಗೆ ಬಂದರು.

"ಹಂದರದ ಮೊದಲನೇ ಕಂಬ ನಾಳಿ ನಸುಕಿನ್ಯಾಗ ನಾಕೂವರಿಗೆ ನಿಲ್ಸೂಣು. ಹಾಲು, ತುಪ್ಪ ತಯಾರ ಇಟ್ಟಿರ್ರಿ."

ಅವ್ವ ಅಲ್ಲೇ ಎದ್ದು ನಿಂತಳು. "ನಾಳಿ ಅಂದ್ರ ಶನಿವಾರ ಆತಲ್ರಿ ಅಯ್ಯಾವ್ರ! ಶನಿವಾರ ಹಂದರ ಹಾಕೂದು ಬ್ಯಾಡ್ರಿ. ಶುಕ್ರವಾರ ಅಂದಿದ್ರಿ ನೀವು."

ಅಯ್ಯನವರು ನಕ್ಕರು. "ಶುಕ್ರವಾರಾನ ಅದು ತಂಗಿ. ಪಂಚಾಂಗದಾಗ ದಿನಾ ಶುರು ಆಗೂದು ಹೊತ್ತು ಮೂಡಿದ ಮ್ಯಾಲ. ನಸುಕಿನ ನಾಕೂವರಿ ಅಂದ್ರ ಇನ್ನೂ ಶುಕ್ರವಾರದ ರಾತ್ರಿನ ನಡದಿರ್ತೈತಿ. ಗಡಿಯಾರದ ಮಂದಿಗೆ ಮಾತ್ರ ಹನ್ನೆರಡು ಬಡದ್ರ ಶನಿವಾರ. ಅವರ ಲೆಕ್ಕ ಅವರಿಗೆ, ನಮ್ಮ ಲೆಕ್ಕ ನಮಗ."

ಎಲ್ಲರೂ ಹೌದೌದೆಂದರು. ಅತ್ತಿ ಮತ್ತೆ ಹಾಡು ಎತ್ತಿದಳು. ನಾನು ಮಾತ್ರ ಅಯ್ಯನವರ ಮಾತನ್ನೇ ಮತ್ತೊಮ್ಮೆ ಹೇಳಿಕೊಂಡೆ. ಹನ್ನೆರಡು ಬಡಿದರೆ ಶನಿವಾರ. ಟಿಕೀಟಿನಲ್ಲಿದ್ದದ್ದು ಶನಿವಾರ ಹನ್ನೆರಡು ನಲವತ್ತು. ವಿಮಾನದವರು ಪಂಚಾಂಗ ನೋಡುವವರಲ್ಲ. ಹುಟ್ಟಿದಾಗಿನಿಂದ ಬೆಳಗಾದ ಮೇಲೆಯೇ ದಿನ ಬದಲಾಗುವ ಮನೆಯಲ್ಲಿ ಬೆಳೆದ ನಾನು, ರಾತ್ರಿ ಹನ್ನೆರಡು ನಲವತ್ತು ಎಂದ ಕೂಡಲೇ ಅದನ್ನು ಶನಿವಾರದ ಹಗಲು ಮುಗಿದ ಮೇಲಿನ ರಾತ್ರಿಗೆ ಕಟ್ಟಿಬಿಟ್ಟಿದ್ದೆ. ಮಾಮಾನೂ ಅದೇ ಮನೆಯಲ್ಲಿ ಬೆಳೆದವನು. ಫೋನಿನಲ್ಲಿ ಅವನಿಗೂ ಅನುಮಾನ ಬಂದಂತಿರಲಿಲ್ಲ. ಕಿಲೋಮೀಟರ್ ಸರಿ, ತಾಸು ಸರಿ, ಗಡಿಯಾರದ ಅಂತರ ಸರಿ. ದಿನವೇ ತಪ್ಪು. ವಿಮಾನ ಇವತ್ತು ರಾತ್ರಿಯೇ ಹೊರಡುವುದಿತ್ತು, ಮಾಮಾ ನಾಳೆ ಮುಂಜಾನೆ ನಾಷ್ಟಾ ಮಾಡಿ ಆರಾಮವಾಗಿ ಮನೆ ಬಿಡುವವನಿದ್ದ. ಮುಂದಿನ ವಿಮಾನ ಬುಧವಾರ.

ಗೋಡೆಯ ಗಡಿಯಾರದಲ್ಲಿ ಮೂರೂವರೆ. ಅಲ್ಲಿ ಮಧ್ಯಾಹ್ನ ಒಂದು. ಏಳೆಂಟು ತಾಸಿನ ದಾರಿ. ಇನ್ನೆರಡು ತಾಸಿನಲ್ಲಿ ಅವನು ಹೊರಟರೆ ಉಂಟು, ಇಲ್ಲವಾದರೆ ಇಲ್ಲ. ಈ ಲೆಕ್ಕವನ್ನೂ ನಾನು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲೇ ಮಾಡಿದ್ದೆ. ಆದರೆ ತಪ್ಪು ಮಾಡಿದೆ ಎಂದು ಹೇಳಿ ನನಗೆ ರೂಢಿಯಿರಲಿಲ್ಲ. ಶಾಲೆಯಲ್ಲಿ ಮಾಸ್ತರರು ತಪ್ಪು ಹೊಡೆದರೆ ಅವರ ಪುಸ್ತಕ ತಪ್ಪೆಂದು ವಾದಿಸಿದವಳು ನಾನು.

"ಅವ್ವಾ," ಅಂದೆ. ಹಾಡು ನಿಂತಿತು. "ಮಾಮಾನ ವಿಮಾನ ಇವತ್ತ ರಾತ್ರಿ ಐತಿ. ನಾ ತಪ್ಪು ಹೇಳೇನಿ. ನನ್ನ ತಪ್ಪು ಅದು."

ಅವ್ವ ನನ್ನ ಮುಖ ನೋಡಿದಳು. ಬೈಯುತ್ತಾಳೆಂದುಕೊಂಡೆ. ಅವಳು ಸೆರಗಿನ ತುದಿಯ ಗಂಟು ಬಿಚ್ಚತೊಡಗಿದಳು. ಬೂತಿನ ಕೀಲಿ ಅಲ್ಲಿತ್ತು.

"ತಪ್ಪು ಆಮ್ಯಾಲ ನೋಡೂಣು. ಹೋಗು, ಫೋನ್ ಹಚ್ಚು."

ದೊಡ್ಡ ಅತ್ತಿ ಬಾಗಿಲಿಗೆ ಅಡ್ಡ ನಿಂತಳು. "ಏ, ತಲಿ ಕೆಟ್ಟೈತೇನ ನಿನಗ? ಅರಿಶಿಣ ಹಚ್ಚಿದ ಹುಡುಗಿ ಹೊಸ್ತಿಲಾ ದಾಟಬಾರದು. ಗಾಳಿ-ಗೀಳಿ ಸೋಕಿದ್ರ? ಯಾರನ್ನರ ಕಳಸು."

"ಆ ನಂಬರ ಅಕಿಗಷ್ಟ ಗೊತ್ತೈತಿ, ಆ ಶೇಟನ ಭಾಷಾನೂ ಅಕಿಗಷ್ಟ ಬರ್ತೈತಿ," ಅಂದಳು ಅವ್ವ. "ದಾಟಬಾರದು ಅಂತ ಹೇಳಿದವರು ಯಾರು? ಹಿರೇರು. ಇಕಿ ಅಪ್ಪ ಹೋದ ಮ್ಯಾಲ ಈ ಮನ್ಯಾಗ ಹಿರೇಕಿ ನಾನ. ನಾ ಹೇಳ್ತೇನಿ, ದಾಟು."

ವ್ರತ, ವಾರ, ಮಡಿ ಎಂದು ಒಂದು ದಿನವೂ ತಪ್ಪದವಳು, ಐದು ನಿಮಿಷದ ಹಿಂದೆ ಶನಿವಾರ ಕಂಬ ನೆಡಬಾರದೆಂದು ಅಯ್ಯನವರ ಜೊತೆ ಜಗಳಕ್ಕೆ ನಿಂತವಳು, ನನ್ನ ಹಳದಿ ಬೆನ್ನಿಗೆ ಕೈಕೊಟ್ಟು ನನ್ನನ್ನು ಹೊಸ್ತಿಲಿನಾಚೆ ನೂಕಿದಳು. ಅತ್ತಿ ಸೋತಳು. ಆದರೆ ಕೈಯಲ್ಲಿ ಕಬ್ಬಿಣವಾದರೂ ಇರಲೆಂದು, ಎಲೆತಟ್ಟೆಯಲ್ಲಿದ್ದ, ಅಡಿಕೆ ಕತ್ತರಿಸುವ ಅಡಕೊತ್ತು ತಂದು ನನ್ನ ಎಡಗೈಗೆ ತುರುಕಿದಳು.

ಅಂಬೇವಾಡಿಯ ರಸ್ತೆಯಲ್ಲಿ ಆ ಮಧ್ಯಾಹ್ನ ನನ್ನನ್ನು ನೋಡಿದವರು ಇವತ್ತಿಗೂ ನೆನೆಸಿ ನಗುತ್ತಾರೆ. ಅಡಿಯಿಂದ ಮುಡಿವರೆಗೆ ಹಳದಿ, ಹಣೆಗೆ ಬಾಸಿಂಗ ಕಟ್ಟುವುದೊಂದು ಬಾಕಿ, ಬರಿಗಾಲು, ಕೈಯಲ್ಲಿ ಅಡಕೊತ್ತು, ಹಿಂದೆ ಅವ್ವ, ಅವ್ವನ ಹಿಂದೆ ಹಾಡುವ ಹೆಂಗಸರ ಹಿಂಡು. ಚಹಾದಂಗಡಿಯಿಂದ ಯಾರೋ, "ಮದುಮಗಳು ಓಡಿಹೊಂಟಾಳ ನೋಡ್ರೋ" ಎಂದು ಕೂಗಿದರು. "ಓಡಿಹೋಗೂದಿದ್ರ ಅರಿಶಿಣ ಹಚ್ಚಿಸಿಕೊಳ್ಳೂಕಿಂತ ಮೊದಲ ಹೋಗ್ತಿದ್ದೆ," ಎಂದು ನಾನು ಓಡುತ್ತಲೇ ಉತ್ತರ ಕೊಟ್ಟೆ. ಹೆದರಿದಾಗ ನನ್ನ ಬಾಯಿ ಇನ್ನಷ್ಟು ಜೋರಾಗುತ್ತದೆ.

ಬೂತಿನ ಬಾಗಿಲು ತೆಗೆದು ನಂಬರು ಒತ್ತಿದೆ. ಎಲ್ಲ ಲೈನುಗಳೂ ಬಿಡುವಿಲ್ಲವೆಂದು ಒಬ್ಬಳು ನಯವಾಗಿ ಹೇಳಿದಳು. ಮತ್ತೆ ಒತ್ತಿದೆ. ಮತ್ತೆ ಅವಳೇ. ಹದಿನಾರು ಸಲ ಒತ್ತಿದೆ. ಗುಂಡಿಗಳೆಲ್ಲ ಹಳದಿಯಾಗಿ ಅಂಕಿ ಕಾಣದಾಯಿತು, ಬೆರಳಿಗೆ ದಾರಿ ಗೊತ್ತಿತ್ತು. ಗಾಜಿನಾಚೆ ಅವ್ವ ನಿಂತಿದ್ದಳು. ನನ್ನ ತುಟಿಯನ್ನಷ್ಟೇ ನೋಡುತ್ತಿದ್ದಳು. ಗಡಿಯಾರ ನಾಲ್ಕೂ ಐದು ತೋರಿಸುವಾಗ ಆ ಕಡೆ ಗಂಟೆ ಬಾರಿಸತೊಡಗಿತು.

"ಹಾಂ, ಕೌನ್?" ಶೇಟನ ದನಿ.

ನನ್ನ ಹಿಂದಿ ದಾಂಡೇಲಿಯ ಹಿಂದಿ. ಮಾಮಾ ಎಲ್ಲಿ ಎಂದು ಕೇಳಿದೆ. ಡ್ಯೂಟಿಗೆ ಹೋಗಿದ್ದಾನೆ, ನಾಳೆ ಹೋಗುವವನಲ್ಲವೇ, ಇವತ್ತಿನ ಪಾಳಿ ಮುಗಿಸುತ್ತಾನೆ ಎಂದ. "ಕಲ್ ನಹೀ ಶೇಟ್‌ಜಿ, ಆಜ್! ಆಜ್ ರಾತ್ ಕಾ ಫ್ಲೈಟ್! ಮೈನೇ ಗಲತ್ ಬೋಲಾ!" ಎಂದು ಒದರಿದೆ. ನನ್ನದೇ ದನಿ ತಿರುಗಿ ಬಂದು ನನ್ನ ಕಿವಿಯಲ್ಲಿ "ಗಲತ್ ಬೋಲಾ, ಗಲತ್ ಬೋಲಾ" ಅಂದಿತು.  ಶೇಟ್, "ಅರೆ ರಾಮ್! ಮೈ ಖುದ್ ಜಾತಾ ಹೂಂ" ಎಂದ. ಅವನು ಫೋನ್ ಇಡುವ ಮೊದಲೇ ಲೈನು ಕಡಿಯಿತು.

ಹೊರಗೆ ಬಂದು ಅವ್ವನಿಗೆ ಹೇಳಿದೆ: ಸುದ್ದಿ ಮುಟ್ಟಿದೆ, ಮನುಷ್ಯ ಮುಟ್ಟುತ್ತಾನೋ ಇಲ್ಲವೋ ಗೊತ್ತಿಲ್ಲ. ಅವ್ವ ತಲೆಯಾಡಿಸಿದಳು. ದಾರಿಯಲ್ಲಿ ಒಂದೇ ಮಾತು ಕೇಳಿದಳು. "ವಿಮಾನ ತಪ್ಪಿದ್ರ ಅಂವ ಬುಧವಾರ ಬರ್ತಾನಲಾ?" ಬರುತ್ತಾನೆ ಅಂದೆ. "ಹಂಗಾರ ಬುಧವಾರ ನಿನ್ನ ಗಂಡನ ಮನೀಗೆ ಬರ್ತಾನ," ಅಂದಳು. ಅಕ್ಕಿಕಾಳು ಬೀಳುವುದಿಲ್ಲವೆಂದು ಹಟ ಹಿಡಿದಿದ್ದ ನನ್ನ ಅವ್ವ ಹಾಗೆ ಸೋತು ಮಾತಾಡಿದ್ದು ನನಗೆ ಸಹಿಸಲಾಗಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇರುತ್ತಿತ್ತು.

ಶನಿವಾರ ಯಾವ ಸುದ್ದಿಯೂ ಬರಲಿಲ್ಲ. ಶೇಟನ ಫೋನು ಹತ್ತಲಿಲ್ಲ. ಮುಂಬೈಯಲ್ಲಿ ನಮ್ಮವರೆಂಬವರು ಯಾರೂ ಇರಲಿಲ್ಲ. ಹಂದರದ ಕಂಬ ಅಯ್ಯನವರ ಶುಕ್ರವಾರದಲ್ಲೇ ನಿಂತಿತ್ತು, ಹೆಂಗಸರು ತಳಿರು ಕಟ್ಟುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಮತ್ತೆ ಮತ್ತೆ ಲೆಕ್ಕ ಹಾಕಿದೆ. ಎರಡಕ್ಕೆ ಹೊರಟಿದ್ದರೆ ಹತ್ತಕ್ಕೆ ನೈರೋಬಿ. ಮೂರಕ್ಕೆ ಹೊರಟಿದ್ದರೆ ಹನ್ನೊಂದು. ದಾರಿಯಲ್ಲಿ ಟಾಯರ್ ಪಂಕ್ಚರ್ ಆಗಿದ್ದರೆ? ನನ್ನ ದಾರ ವಿಮಾನಕ್ಕೆ ಮಾತ್ರ ಗೊತ್ತಿತ್ತು, ಮಣ್ಣಿನ ರಸ್ತೆಗೆ ಅದರಲ್ಲಿ ಲೆಕ್ಕವಿರಲಿಲ್ಲ.

ಅವ್ವ ಮಾತ್ರ ಟ್ರಂಕಿನ ಕೀಲಿ ತೆಗೆಯಲಿಲ್ಲ. ಯಾರೋ ಮಕ್ಕಳಿಗೆ ಹೋಳಿಗೆ ಸಾಲದೆಂದರು. "ಆ ಡಬ್ಬಿ ಮುಟ್ಟಬ್ಯಾಡ್ರಿ" ಎಂದು ಹೇಳಿ ತಾನು ಮತ್ತೆ ಹಿಟ್ಟು ನಾದಲು ಕೂತಳು.

ರವಿವಾರ ಮುಂಜಾನೆ ಒಂಬತ್ತರ ಸುಮಾರಿಗೆ ಹಳಿಯಾಳದ ಕಡೆಯಿಂದ ಬಂದ ಬಸ್ಸಿನಿಂದಿಳಿದು ಒಬ್ಬ ಮನುಷ್ಯ ನಮ್ಮ ಹಂದರದೊಳಗೆ ನಡೆದು ಬಂದ. ನೀಲಿ ಡಾಂಗರಿ, ಕಾರ್ಖಾನೆಯ ಬೂಟು, ಕೈಯಲ್ಲಿ ಊಟದ ಡಬ್ಬಿಯ ಚೀಲ. ಬೇರೆ ಸಾಮಾನಿಲ್ಲ. ತಲೆಗೂದಲು ಅರ್ಧ ನೆರೆತಿತ್ತು. ತೋರಣ ಕಟ್ಟುತ್ತಿದ್ದವರು ವಾಯರ್ ಎಳೆಯಲು ಬಂದ ಇಲೆಕ್ಟ್ರಿಕ್ ಕೆಲಸದವನೆಂದು ತಿಳಿದು, "ಮೀಟರ್ ಹಿಂದಿನ ಬಾಗಲದಾಗ ಐತಿ ನೋಡ್ರಿ" ಎಂದು ಕೈತೋರಿಸಿದರು.

ಅವ್ವ ಒಳಗಿನಿಂದಲೇ ಆ ಹೆಜ್ಜೆಯ ಸದ್ದು ಗುರುತಿಸಿದಳು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅವನ ಎರಡೂ ಗಲ್ಲ ಹಿಡಿದಳು, ಗಲ್ಲಕ್ಕೆಲ್ಲ ಹಿಟ್ಟು ಮೆತ್ತಿತು. "ಇಷ್ಟ ದಾರಾ ದಾಟಾಕ ಆರು ವರ್ಷ ಹಿಡೀತೇನೋ ನಿನಗ?" ಅಂದಳು. ಅಲ್ಲಿಗೆ ಅವಳ ಧೈರ್ಯ ಮುಗಿಯಿತು. ಅವಳು ಅತ್ತದ್ದನ್ನು ನಾನು ಅಪ್ಪ ಹೋದ ದಿನದ ನಂತರ ನೋಡಿದ್ದು ಅಂದೇ. ನಾನೂ ಅತ್ತೆ. ಅರಿಶಿಣ ಕಣ್ಣಿಗಿಳಿದು ಉರಿಯಿತೆಂದು ಕೇಳಿದವರಿಗೆ ಹೇಳಿದೆ.

ಶೇಟ್ ಅಂಗಡಿಯನ್ನು ಹಾಗೇ ಬಿಟ್ಟು ಕಾರ್ಖಾನೆಯ ಗೇಟಿಗೆ ಓಡಿದ್ದನಂತೆ. ಮಶಿನಿನ ಕೆಳಗಿದ್ದ ಮಾಮಾನನ್ನು ಎಳೆದು ತನ್ನದೇ ಪಿಕಪ್ ಗಾಡಿಯಲ್ಲಿ ಕೂರಿಸಿ, ಮನೆಯಿಂದ ಪಾಸ್‌ಪೋರ್ಟು ಟಿಕೀಟು ಎತ್ತಿಕೊಂಡು ಹೊರಟಿದ್ದರು. ನಮಗೆಂದು ಕಟ್ಟಿಟ್ಟ ಎರಡು ಸೂಟ್‌ಕೇಸುಗಳು ಬಾಗಿಲ ಹಿಂದೆಯೇ ಉಳಿದವು. ವಿಮಾನದ ಬಾಗಿಲು ಮುಚ್ಚುವ ಮೊದಲು ಹತ್ತಿದ ಕೊನೆಯ ಮಂದಿಯಲ್ಲಿ ಮಾಮಾ ಒಬ್ಬ. ಮುಂಬೈಯಿಂದ ಅವನು ಫೋನ್ ಮಾಡಿದರೆ ಬೀಗ ಹಾಕಿದ ಬೂತಿನಲ್ಲಿ ಎತ್ತುವವರಿರಲಿಲ್ಲ. "ಗ್ರೀಸಿನ ವಾಸನಿಗೆ ಬಾಜೂದಾಂವ ಬ್ಯಾರೆ ಸೀಟಿಗೆ ಎದ್ದು ಹೋದ, ನಾ ಕಾಲ ಚಾಚಿ ಮಲಗಿದೆ" ಎಂದು ಮಾಮಾ ಹೋಳಿಗೆ ತಿನ್ನುತ್ತ ಹೇಳಿದ. ಎಲ್ಲರೂ ನಕ್ಕರು. ನನ್ನ ಲೆಕ್ಕದಂತೆ ಅವನು ಬರಬೇಕಾದದ್ದು ಸೋಮವಾರ ಮುಂಜಾನೆ. ಟಿಕೀಟಿನ ಲೆಕ್ಕದಂತೆ ಬಂದದ್ದು ರವಿವಾರ. ಅವ್ವನಿಗೆ ಒಂದಿಡೀ ದಿನ ಹೆಚ್ಚಿಗೆ ಸಿಕ್ಕಿತು. ಆ ದಿನ ಅವಳು ಅವನನ್ನು ಎದ್ದು ನೀರು ಕುಡಿಯಲೂ ಬಿಡಲಿಲ್ಲ.

ಆಮೇಲೆ ನಾನು ಇಂದೂರಕ್ಕೆ ಹೋದೆ. ಅಲ್ಲಿಯೂ ನಕಾಶೆ ಬಂತು, ದಾರ ಬಂತು. ಇವತ್ತಿಗೂ ಯಾರಾದರೂ ದೂರ ಕೇಳಿದರೆ ಎದೆಯುಬ್ಬಿಸಿ ಹೇಳುತ್ತೇನೆ, ತಾಸು ಕೇಳಿದರೆ ನಿಮಿಷ ಸಮೇತ ಹೇಳುತ್ತೇನೆ. ದಿನ ಕೇಳಿದರೆ ಮಾತ್ರ ಟಿಕೀಟು ಕೈಗೆ ಕೊಡಿ ಅನ್ನುತ್ತೇನೆ. ಆದರೆ ಈ ಜಾಗರೂಕತೆ ನನಗೆ ಬಂದದ್ದು ವಿಮಾನ ತಪ್ಪುವುದಿತ್ತೆಂಬ ಹೆದರಿಕೆಯಿಂದಲ್ಲ. ಸೋಮವಾರ ಹನ್ನೆರಡೂ ಇಪ್ಪತ್ತಕ್ಕೆ, ಒಳಮನೆಯ ಬಾಗಿಲಿನಿಂದ ಹಂದರದವರೆಗಿನ ಮೂವತ್ತು ಹೆಜ್ಜೆ ದಾರಿಯಲ್ಲಿ ಬಂತು.

ಮಾಮಾ ನನ್ನ ಬಲಗೈ ಹಿಡಿದಿದ್ದ. ಅಪ್ಪನ ಹಳೆಯ ಧೋತರ ಉಟ್ಟಿದ್ದ, ಅವನದೆಂದು ಬಟ್ಟೆಯೇ ಇರಲಿಲ್ಲವಲ್ಲ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಗ್ರೀಸ್ ಹೋಗಿರಲಿಲ್ಲ. ಬಾಜಾ ಬಾರಿಸುತ್ತಿದ್ದರು. ಎದುರಿಗೆ ಅವ್ವ ಅಕ್ಕಿಕಾಳಿನ ತಟ್ಟೆ ಹಿಡಿದು ನಿಂತು ನಮ್ಮಿಬ್ಬರನ್ನೂ ನುಂಗುವಂತೆ ನೋಡುತ್ತಿದ್ದಳು. ನನ್ನ ಎದೆಯಲ್ಲಿದ್ದದ್ದನ್ನು ಆಗ ಕೇಳಿಬಿಟ್ಟೆ.

"ಮಾಮಾ, ನಾ ಅಂತೂ ಹುಚ್ಚಿ. ಟಿಕೀಟ ಕೊಟ್ಟಾಂವನ್ನರ ಒಂದ ಮಾತು ಕೇಳಬಾರದಿತ್ತೇನ ನೀನು?"

"ಕೇಳಿದ್ನಲ್ಲ," ಅಂದ ಮಾಮಾ, ಮುಂದೆ ನೋಡುತ್ತಲೇ. "ಅಂವ ಶುಕ್ರವಾರ ರಾತ್ರಿ ಬರ್ರಿ ಅಂತನ ಹೇಳಿದ್ದ, ಎರಡ ಸಲ. ನಾ ಅವನ ಜೋಡಿ ಜಗಳಾ ಮಾಡಿ ಬಂದೆ. ನಮ್ಮ ಹುಡುಗಿ ಶನಿವಾರ ರಾತ್ರಿ ಅಂದಾಳ, ಅಕಿ ಲೆಕ್ಕ ತಪ್ಪೂದಿಲ್ಲ ಅಂತ."

ನಾನು ನಿಂತುಬಿಟ್ಟೆ. ಮಾಮಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು, "ನಡಿ, ಹೊತ್ತಾಗ್ತೈತಿ. ನಿಮ್ಮವ್ವ ಕಾಯಾಕತ್ತಾಳ," ಅಂದ.